ಒಂದಡಿ ಎತ್ತರದ ಹಳೇ ಬಿಬಿಸಿ ಸ್ಪೀಕರ್‌ಗೆ ಒಂದೂವರೆ ಲಕ್ಷ ಕೊಡಬಹುದಾ?

ಸುಂಟಿಕೊಪ್ಪದವ:
ಬೆಂಗಳೂರಿನಲ್ಲಿ ಪರಿಚಯದವರೊಬ್ಬರು ಬಿಬಿಸಿ ಎಲ್‌ಎಸ್3/5ಎ ಜೋಡಿ ಮಾರುತ್ತಿದ್ದಾರೆ. ಒಂದೂವರೆ ಲಕ್ಷ ಹೇಳುತ್ತಾರೆ. ಇದರ ಹೊಗಳಿಕೆ ಓದಿ ಓದಿ ತಲೆ ಕೆಟ್ಟಿದೆ. ನಮ್ಮದು ಹಳೇ ತೋಟದ ಮನೆ, ದೊಡ್ಡ ಹಾಲ್. ಆಂಪ್ (ಆಂಪ್ಲಿಫೈಯರ್) 25 ವಾಟ್. ಸ್ಪೀಕರ್ ಹೆಸರಿಗೆ ತಕ್ಕ ಹಾಗಿದೆಯಾ, ಇಲ್ಲಾ ಸುಮ್ನೆ ಹೈಪಾ?

ಪೊನ್ನಂಪೇಟೆ ಅಂಕಲ್:
9 ವರ್ಷದಿಂದ ನನ್ನ ಹತ್ರ ಇದೆ, 15 ಓಮ್ ಅನ್ನುವ ಹಳೇ ಮಾದರಿಯದು. ಇದನ್ನು ಮಾಡಿದ್ದು ಮನೆಗೆ ಅಂತಲ್ಲ. 1970ರ ದಶಕದಲ್ಲಿ ಬಿಬಿಸಿಯವರಿಗೆ ಪ್ರಸಾರದ ವ್ಯಾನಿನಲ್ಲಿ ಕೂತು ಮಾತು ಸರಿಯಾಗಿ ಬರುತ್ತಿದೆಯಾ ಅಂತ ಕೇಳಬೇಕಿತ್ತು. ವ್ಯಾನಿನಲ್ಲಿ ಜಾಗ ಎಲ್ಲಿದೆ? ಅದಕ್ಕೇ ಐದು ಲೀಟರಿನ ಮುಚ್ಚಿದ ಪೆಟ್ಟಿಗೆ. ತೆಳು ಪ್ಲೈವುಡ್, ಒಳಗೆ ಡಾಂಬರಿನ ಹಾಳೆ. ಪೆಟ್ಟಿಗೆ ತನ್ನ ದನಿ ಸೇರಿಸಬಾರದು, ಅಷ್ಟೇ. ಇದರಲ್ಲಿ ಮಾತು ಕೇಳಿ, ಪಿಟೀಲು ಕೇಳಿ. ಹಾಡುವವರು ಎದುರಿಗೇ ಬಂದು ಕೂತ ಹಾಗಿರುತ್ತದೆ. ಆ ಹೆಸರು ಸುಳ್ಳಲ್ಲ.

ಆದರೆ ತಂದ ದಿನವೇ ನಾನು ಅಣ್ಣನ ಮಗನ ಮದುವೆಯಲ್ಲಿ ರೆಕಾರ್ಡ್ ಮಾಡಿದ್ದ ವಾಲಗ ಹಾಕಿದೆ. ಊದುವುದು ಸೊಗಸಾಗಿ ಬಂತು. ಡೋಲು ಮಾತ್ರ ಯಾರೋ ಬಿಸ್ಕೆಟ್ ಡಬ್ಬ ತಟ್ಟಿದ ಹಾಗೆ! ಹೆಂಡತಿ ಅಡುಗೆಮನೆಯಿಂದಲೇ 'ಇಷ್ಟಕ್ಕೇನಾ?' ಅಂದಳು. ಇದರಲ್ಲಿ ಬಾಸಿನ, ಅಂದರೆ ತಗ್ಗು ದನಿಯ, ಮೇಲುಭಾಗ ಸ್ವಲ್ಪ ಉಬ್ಬಿದೆ. ಅದಕ್ಕೇ ಬಾಸ್ ಇದೆ ಅನಿಸುತ್ತದೆ, ತಳ ಇಲ್ಲ. ಒಂದು ವಾಟಿಗೆ ಸುಮಾರು 83 ಡೆಸಿಬೆಲ್ ಸದ್ದು, ಸ್ಪೀಕರಿಗೆ ಅದು ಕಮ್ಮಿಯೇ. ನಿಮ್ಮ 25 ವಾಟಿನಲ್ಲಿ ದೊಡ್ಡ ಹಾಲ್ ತುಂಬುವುದಿಲ್ಲ. ಚಿಕ್ಕ ರೂಮಿನಲ್ಲಿ ಆರೇಳು ಅಡಿ ದೂರ ಕೂತರೆ ಬೇರೆಯೇ ಮಾತು.

ಮಡಿಕೇರಿ ಮಳೆ:
ಜುಲೈನಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಎಲ್ಲ ಸ್ಪೀಕರೂ ಒಂದೇ ಬಿಡಿ :) ನನ್ನ ಬೇರೊಂದು ಹಳೇ ಜೋಡಿಯಲ್ಲಿ ಕೋನ್ ಸುತ್ತಲಿನ ಫೋಮ್ ಬೆರಳು ತಾಗಿಸಿದರೆ ಪುಡಿ ಪುಡಿ. ಇದಕ್ಕೂ ಆ ಕಾಟ ಇದೆಯಾ?

ಪೊನ್ನಂಪೇಟೆ ಅಂಕಲ್:
ಇಲ್ಲ, ಇದರ ವೂಫರ್ (ಬಾಸ್ ನುಡಿಸುವ ದೊಡ್ಡ ಕೋನ್) ಸುತ್ತ ಇರುವುದು ರಬ್ಬರ್. ಬೂಷ್ಟಿನದ್ದೇ ತೊಂದರೆ. ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸುತ್ತೇವಲ್ಲ, ಪಕ್ಕದಲ್ಲೇ ಸ್ಪೀಕರನ್ನೂ ಇಡುತ್ತೇನೆ. ಸುಂಟಿಕೊಪ್ಪದವರೇ, ಹಿಂದುಗಡೆ ಎರಡರ ಸೀರಿಯಲ್ ನಂಬರ್ ಒಂದಕ್ಕೊಂದು ಹೊಂದುತ್ತದಾ ನೋಡಿ. ಬೇರೆ ಬೇರೆ ಜೋಡಿಯ ಒಂದೊಂದನ್ನು ಸೇರಿಸಿ ಮಾರುವವರೂ ಇದ್ದಾರೆ.

ಸುಂಟಿಕೊಪ್ಪದವ:
ಥ್ಯಾಂಕ್ಸ್ ಅಂಕಲ್. ಹಾಲ್ ಆಸೆ ಬಿಟ್ಟೆ. ಅಪ್ಪ ಲೆಕ್ಕ ಬರೆಯುವ ಚಿಕ್ಕ ರೂಮ್ ಇದೆ, ಅವರನ್ನು ಒಪ್ಪಿಸಬೇಕು. ಭಾನುವಾರ ಬೆಂಗಳೂರಿಗೆ ಹೋಗುವಾಗ ವಾಲಗದ ಪೆನ್‌ಡ್ರೈವ್ ತಗೊಂಡೇ ಹೋಗುತ್ತೇನೆ.