ವೇಗಸ್ ಗೋಲ್ಡನ್ ನೈಟ್ಸ್ ಮೊದಲ ವರ್ಷವೇ ಫೈನಲ್ ಆಡಿದ್ದು ಹೇಗೆ?

ಬೆಣ್ಣೆಮುರುಕು: ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್) ನೋಡಲು ಈಚೆಗೆ ಶುರು ಮಾಡಿದ್ದೇನೆ. ವೇಗಸ್ ತಂಡ 2017ರಲ್ಲಿ ಕಣಕ್ಕಿಳಿದು ಮೊದಲ ಸೀಸನ್‌ನಲ್ಲೇ ಲೀಗ್‌ನ ಟ್ರೋಫಿಯಾದ ಸ್ಟಾನ್ಲಿ ಕಪ್ ಫೈನಲ್ ಆಡಿತಂತೆ, 2023ರಲ್ಲಿ ಕಪ್ಪನ್ನೂ ಗೆದ್ದಿತಂತೆ. ಆರ್‌ಸಿಬಿ ಕಪ್ಪಿಗೆ 18ನೇ ಸೀಸನ್‌ವರೆಗೆ ಕಾದ ನನಗೆ ಇದು ಜೀರ್ಣವಾಗುತ್ತಿಲ್ಲ. ದುಡ್ಡು ಸುರಿದು ಗೆದ್ದರಾ?

ರಾತ್ರಿಪಾಳಿ: ದುಡ್ಡಲ್ಲ. ಸಂಬಳದ ಮಿತಿ ಎಲ್ಲ ತಂಡಕ್ಕೂ ಒಂದೇ. ಮಾಲೀಕ ಬಿಲ್ ಫೋಲಿ ಲೀಗ್‌ಗೆ ಸೇರಲು 50 ಕೋಟಿ ಡಾಲರ್ ಕಟ್ಟಿದರು, ಅಷ್ಟು ವಸೂಲಿ ಮಾಡಿದ ಮೇಲೆ ಲೀಗ್ ಕೂಡ ನಿಯಮ ಸ್ವಲ್ಪ ಸಡಿಲ ಮಾಡಿತು ಅನ್ನಿ. ಉಳಿದ 30 ತಂಡಗಳು ವೇಗಸ್ ಆರಿಸಿದ ಒಬ್ಬೊಬ್ಬ ಆಟಗಾರನನ್ನು ಬಿಟ್ಟುಕೊಡಬೇಕು, ಒಬ್ಬ ಗೋಲಿಯನ್ನು (ಗೋಲ್‌ಕೀಪರ್) ಮಾತ್ರ ಉಳಿಸಿಕೊಳ್ಳಬಹುದು. ಆಗಷ್ಟೇ ಕಪ್ ಗೆದ್ದಿದ್ದ ಪಿಟ್ಸ್‌ಬರ್ಗ್‌ನ ಗೋಲಿ ಫ್ಲೂರಿ ಸಿಕ್ಕಿದ್ದು ಹಾಗೆ.

ನಿಜವಾದ ಮಜಾ ಇರುವುದು ಒಳ ಒಪ್ಪಂದಗಳಲ್ಲಿ. "ಅವನನ್ನು ಬಿಡಿ, ಇವನನ್ನು ತಗೊಳ್ಳಿ" ಅಂತ ಕೊಲಂಬಸ್ ತಂಡದವರು ಮೊದಲ ಸುತ್ತಿನ ಡ್ರಾಫ್ಟ್ ಅವಕಾಶವನ್ನೇ (ಹೊಸ ಯುವ ಆಟಗಾರನನ್ನು ಆರಿಸುವ ಹಕ್ಕು) ಕೊಟ್ಟು ವಿಲಿಯಂ ಕಾರ್ಲ್‌ಸನ್‌ನನ್ನು ಸಾಗಹಾಕಿದರು. ಹಿಂದಿನ ಸೀಸನ್‌ನಲ್ಲಿ 6 ಗೋಲ್ ಹೊಡೆದಿದ್ದ ಅವನು ವೇಗಸ್‌ನಲ್ಲಿ 43 ಹೊಡೆದ! ಫ್ಲೋರಿಡಾ ಇನ್ನೂ ಒಂದು ಹೆಜ್ಜೆ ಮುಂದೆ. ರೈಲಿ ಸ್ಮಿತ್‌ನ ದುಬಾರಿ ಒಪ್ಪಂದ ಕಳಚಿಕೊಳ್ಳಲು 30 ಗೋಲ್ ಹೊಡೆದಿದ್ದ ಮಾರ್ಷೆಸೋನನ್ನೂ ಬಿಟ್ಟುಕೊಟ್ಟರು. ಇದಕ್ಕೆ ಏನು ಹೇಳೋಣ?

ಚಳಿಗಾಲ: ನಿಯಮದ ಮಾತು ಸರಿ, ಆದರೆ ಆ ವರ್ಷ ಲಾಸ್ ವೇಗಸ್ ಊರಲ್ಲಿ ಆಗಿದ್ದನ್ನು ಬಿಟ್ಟು ಈ ಕತೆ ಹೇಳಲು ಆಗಲ್ಲ. ಅಕ್ಟೋಬರ್ 1ರಂದು ಸಂಗೀತ ಕಾರ್ಯಕ್ರಮದ ಮೇಲೆ ಗುಂಡಿನ ದಾಳಿಯಾಗಿ 58 ಜನ ಸತ್ತರು (ಆಮೇಲೆ ಆ ಸಂಖ್ಯೆ 60 ಆಯಿತು). ಅಕ್ಟೋಬರ್ 10ಕ್ಕೆ ತವರಿನ ಮೊದಲ ಪಂದ್ಯ. ಆ ಊರಿನಲ್ಲೇ ಮನೆ ಮಾಡಿಕೊಂಡಿದ್ದ ಡಿಫೆಂಡರ್ ಎಂಗಲ್‌ಲ್ಯಾಂಡ್ ಮೈಕ್ ಹಿಡಿದು ಮಾತಾಡಿದರು, ಆಮೇಲೆ ಆಟ ಶುರುವಾಗಿ ಗೋಲನ್ನೂ ಹೊಡೆದರು, ಅರಿಝೋನಾ ವಿರುದ್ಧ 5-2 ಗೆಲುವು. 58ನೇ ನಂಬರಿನ ಜೆರ್ಸಿಯನ್ನು ತಂಡ ಮುಂದೆ ಯಾರಿಗೂ ಕೊಡದೆ ನಿವೃತ್ತಿ ಮಾಡಿತು. ಜೂಜಿನ ಊರಲ್ಲಿ ಹಾಕಿ ಯಾರು ನೋಡ್ತಾರೆ ಅನ್ನುತ್ತಿದ್ದವರ ಬಾಯಿ ಅಲ್ಲಿಗೆ ಬಂದ್.

ಸುಮ್ನೆಒಬ್ಬ: ನಿಯಮ ಒಂದರಿಂದಲೇ ಆಗಿದ್ದರೆ ಆಮೇಲೆ ಬಂದ ಹೊಸ ತಂಡ ಸಿಯಾಟಲ್ ಕೂಡ ಹಾಗೇ ಆಡಬೇಕಿತ್ತು, ಅಲ್ವಾ? 2021ರಲ್ಲಿ ಅದೇ ನಿಯಮ, ಕಟ್ಟಿದ್ದು 65 ಕೋಟಿ ಡಾಲರ್. ಅಷ್ಟರಲ್ಲಿ ಉಳಿದ ತಂಡಗಳು ಬುದ್ಧಿ ಕಲಿತಿದ್ದವು, ಸಿಯಾಟಲ್ ಮೊದಲ ಸೀಸನ್‌ನಲ್ಲಿ ತನ್ನ ಡಿವಿಷನ್‌ನಲ್ಲಿ (ಲೀಗ್‌ನೊಳಗಿನ ಗುಂಪು) ಕೊನೆಗೆ ಬಂತು.

ಇನ್ನೊಂದು, ವೇಗಸ್‌ನವರಿಗೆ ಮುಲಾಜಿಲ್ಲ. ಫೈನಲ್‌ಗೆ ಒಯ್ದ ಕೋಚ್ ಗ್ಯಾಲಂಟ್‌ರನ್ನು 2020ರಲ್ಲಿ ತೆಗೆದರು. ವರ್ಷದ ಶ್ರೇಷ್ಠ ಗೋಲಿ ಪ್ರಶಸ್ತಿ ಬಂದ ಬೇಸಿಗೆಯಲ್ಲೇ ಫ್ಲೂರಿಯನ್ನು ಶಿಕಾಗೋಗೆ ಕಳಿಸಿದರು. ನನಗೆ ಇದು ಇಷ್ಟವಾಗಲಿಲ್ಲ, ಆದರೆ ಕಪ್ ಬಂದಿದ್ದೂ ಹೀಗೇ.

ರಾತ್ರಿಪಾಳಿ: 2023ರ ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತಾ? ಅದೇ ಫ್ಲೋರಿಡಾ. ಕೊನೆಯ ಪಂದ್ಯ 9-3. ಪ್ಲೇಆಫ್‌ನ ಶ್ರೇಷ್ಠ ಆಟಗಾರ ಅದೇ ಮಾರ್ಷೆಸೋ.

ಬೆಣ್ಣೆಮುರುಕು: ಅಯ್ಯೋ ಪಾಪ ಫ್ಲೋರಿಡಾ!

ಸುಮ್ನೆಒಬ್ಬ: ಪಾಪ ಏನೂ ಬೇಡ. 2024, 2025 ಎರಡೂ ಕಪ್ ಅವರದ್ದೇ.