ಪದ ಬೇಕು: ‘ಚಿಲ್ಲಿಂಗ್ ಅವರ್ಸ್’ (ನಾಳೆ ಸಂಜೆಯೊಳಗೆ)

ಬಳಗಕ್ಕೆ ನಮಸ್ಕಾರ.

ಹಿಮಾಚಲದ ಸೇಬಿನ ತೋಟಗಳ ಬಗ್ಗೆ ಒಂದು ಪ್ರದರ್ಶನ. ಫಲಕಗಳನ್ನು ಕನ್ನಡಕ್ಕೆ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಹನ್ನೆರಡು ಮುಗಿದವು, ಹದಿಮೂರನೆಯದು ಒಂದೇ ಪದಕ್ಕೆ ನಿಂತಿದೆ. ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಲೇಬೇಕು. ನೋಡುವವರು ಹೆಚ್ಚಾಗಿ ರೈತರು. ಕಡಿಮೆ ಚಳಿ ಸಾಕೆನ್ನುವ ‘ಅನ್ನಾ’, ‘ಎಚ್‌ಆರ್‌ಎಂಎನ್-99’ ಸೇಬು ತಳಿಗಳ ಸಸಿ ತಂದು ನಮ್ಮ ಬಯಲುಸೀಮೆಯಲ್ಲೇ ನೆಟ್ಟವರೂ ಬರುತ್ತಾರೆ.

ವಾಕ್ಯ ಇದು: “ರಾಯಲ್ ಡೆಲಿಶಿಯಸ್ ಮರಕ್ಕೆ ಚಳಿಗಾಲದಲ್ಲಿ ಸುಮಾರು 1,000ದಿಂದ 1,200 ______ ಬೇಕು.”

ಮರ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಕಳೆದ ಗಂಟೆಗಳನ್ನೆಲ್ಲ ಕೂಡಿದ ಲೆಕ್ಕ ಅದು. ಲೆಕ್ಕ ತುಂಬದಿದ್ದರೆ ಮೊಗ್ಗಿಗೆ ನಿದ್ದೆಯಿಂದ ಎಚ್ಚರವಾಗುವುದಿಲ್ಲ. ಒಂದು ಕೊಂಬೆ ಹೂಬಿಟ್ಟರೆ ಪಕ್ಕದ್ದು ಇನ್ನೂ ಮಲಗಿರುತ್ತದೆ, ಪರಾಗ ಕೊಡಬೇಕಾದ ತಳಿಯ ಹೂವಿಗೂ ಇದರ ಹೂವಿಗೂ ಹೊತ್ತು ಕೂಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಚಳಿಗಾಲ ಬೆಚ್ಚಗಾದಂತೆ ಕುಲ್ಲು ಕಣಿವೆಯ ತಗ್ಗಿನಲ್ಲಿ ಸೇಬು ತೆಗೆದು ದಾಳಿಂಬೆ ಹಾಕಿದರು. ಸೇಬು ಕಿನ್ನೌರ್, ಲಾಹೌಲ್-ಸ್ಪಿತಿಯ ಎತ್ತರಕ್ಕೆ ಹತ್ತುತ್ತಿದೆ.

ಕೈಯಲ್ಲಿರುವುದು: ಶೀತಗಂಟೆ, ಶೈತ್ಯಾವಧಿ, ಚಳಿಗಂಟೆ. ಒಂದೂ ನಾಲಿಗೆಗೆ ಕೂರುತ್ತಿಲ್ಲ.

– ವಿ., ಮೈಸೂರು

*

ಶೀತಗಂಟೆ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಅದನ್ನು ಮೊದಲು ಹೊಡೆದುಹಾಕಿ. ಶೈತ್ಯಾವಧಿ ಎಂದರೆ ನವೆಂಬರ್‌ನಿಂದ ಫೆಬ್ರುವರಿ ಎಂದು ಓದುತ್ತಾರೆ, ಮೊತ್ತ ಎಂಬ ಅರ್ಥ ಬರುವುದಿಲ್ಲ. ‘ಶೈತ್ಯಮಾನ’ ಎಂದು ಹಾಕಿ. ಉಷ್ಣಮಾನ, ವಾಯುಮಾನ ಇರುವಾಗ ಇದಕ್ಕೇನು ತೊಂದರೆ?

– ನಾ. ಭ., ಉಡುಪಿ

*

ಶೈತ್ಯಮಾನವಂತೆ! ರೈತ ಓದಿ ಥರ್ಮಾಮೀಟರ್ ಹುಡುಕಬೇಕು.

ನಮ್ಮಲ್ಲೇ ಚೊಕ್ಕ ಪದವಿದೆ: ಮಾಗಿ. ‘ಮಾಗಿಗಂಟೆ’. ಇದರ ಸೊಗಸು ನೋಡಿ: ಮಾಗಿಯಲ್ಲಿ ಮರ ಒಳಗೊಳಗೇ ಮಾಗುತ್ತದೆ, ಅದಕ್ಕೇ ಆ ಕಾಲಕ್ಕೆ ಮಾಗಿ ಎಂದು ಹೆಸರು. ಮಾಗು ಅಚ್ಚ ದ್ರಾವಿಡ ಧಾತು. ವಿಜ್ಞಾನಿಗಳು ಈಗ ಹೇಳುವ ಮಾತನ್ನು ನಮ್ಮ ಹಿರಿಯರು ಎರಡಕ್ಷರದಲ್ಲಿ ಹೇಳಿಟ್ಟಿದ್ದಾರೆ. ಮಾವಿಗೂ ಇದೇ ಚಳಿ ಬೇಕಲ್ಲವೇ?

– ಗೌ., ತುಮಕೂರು

*

ಮಾಗಿ ಬಂದದ್ದು ಮಾಘದಿಂದ. ತದ್ಭವ. ಮಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

– ನಾ. ಭ.

*

ವ್ಯುತ್ಪತ್ತಿ ನೀವಿಬ್ಬರೂ ಹಂಚಿಕೊಳ್ಳಿ. ಫಲಕದ ಮುಂದೆ ನಿಲ್ಲುವವನನ್ನು ನೆನೆಯಿರಿ. ಹಣ್ಣಿನ ಫಲಕದಲ್ಲಿ ‘ಮಾಗಿಗಂಟೆ’ ಕಂಡರೆ ಹಣ್ಣು ಮಾಗಲು ಹಿಡಿಯುವ ಹೊತ್ತು ಎಂದುಕೊಳ್ಳುತ್ತಾನೆ. ಇಲ್ಲವೇ ಮಾಗಿ ಉಳುಮೆ ನೆನಪಾಗುತ್ತದೆ, ಅದನ್ನು ನಮ್ಮೂರಲ್ಲಿ ಏಪ್ರಿಲ್ ಬಿಸಿಲಲ್ಲಿ ಹೊಡೆಯುತ್ತಾರೆ.

ಮಾವಿನ ಮಾತು ಬೇರೆ. ಅದು ಎಲೆ ಉದುರಿಸಿ ಮಲಗುವ ಮರವಲ್ಲ. ಹೂ ಕಚ್ಚಲು ರಾತ್ರಿ ತಂಪಿರಬೇಕು ನಿಜ, ಆದರೆ ಶ್ರೀನಿವಾಸಪುರದಲ್ಲಿ 15 ಡಿಗ್ರಿಯಾದರೂ ಹೂ ಬರುತ್ತದೆ, ಆ ಚಳಿ ಸೇಬಿನ ಲೆಕ್ಕಕ್ಕೆ ಸೇರುವುದೇ ಇಲ್ಲ. ಎರಡಕ್ಕೂ ಒಂದೇ ಪದ ತೊಡಿಸಬೇಡಿ.

– ರ., ಚಿಂತಾಮಣಿ

*

ನಾವು ದ್ರಾಕ್ಷಿಯವರು, ಪದ ಕಟ್ಟೋರಲ್ಲ. ಅಕ್ಟೋಬರ್ ಚಾಟ್ನಿ, ಅಂದರ ಬಳ್ಳಿ ಕತ್ತರಿಸೂದು, ಆದ ಕೂಡಲೇ ಕೈಗವಸು ಹಾಕ್ಕೊಂಡು ಬಳ್ಳಿಯ ಒಂದೊಂದು ಕಣ್ಣಿಗೂ (ಮೊಗ್ಗಿಗೂ) ಔಷಧ ಹಚ್ಚತೇವಿ, ಹೈಡ್ರೋಜನ್ ಸಯನಮೈಡ್. ಹಚ್ಚದಿದ್ದರ ಕಣ್ಣು ಹಿಂದಮುಂದ ಒಡೀತಾವ. ಯಾಕ ಅಂದರ ನಮ್ಮ ಕಡೆ ಬಳ್ಳಿಗೆ ಬೇಕಾದಷ್ಟು ಚಳಿ ಸಿಗೂದಿಲ್ಲ, ಆ ಕೆಲಸ ಔಷಧ ಮಾಡ್ತದ. ನಮ್ಮಪ್ಪ ಇದಕ್ಕ ‘ಬಳ್ಳಿ ಚಳಿ ಉಂಡಿಲ್ಲ’ ಅಂತಿದ್ದರು. ಅದರಾಗ ಏನರ ಸಿಗತದೇನು ನೋಡ್ರಿ. ಗಂಟೆ ಬ್ಯಾಡ, ಗುಡಿ ನೆನಪಾಗ್ತದ. ‘ಚಳಿತಾಸು’ ಅನ್ರಿ.

– ಬ., ವಿಜಯಪುರ

*

‘ಚಳಿ ಉಂಡಿಲ್ಲ’ ಬಂಗಾರದಂಥ ಮಾತು! ಕಡೆಗೊಬ್ಬರು ಕನ್ನಡ ಆಡಿದರು. ತಾಸು ಕೂಡ ಸರಿ. ಸಂಸ್ಕೃತದ ಘಂಟೆಗಿಂತ ನಮ್ಮ ತಾಸೇ ಲೇಸು.

– ಗೌ.

*

ನಿಮ್ಮ ತಾಸು ಮರಾಠಿಯಿಂದ, ಮರಾಠಿಗೆ ಅರಬ್ಬಿ-ಪಾರ್ಸಿಯಿಂದ. ಹೊತ್ತು ಸಾರಲು ಬಡಿಯುತ್ತಿದ್ದ ಲೋಹದ ತಟ್ಟೆಯೇ ತಾಸು. ಗುಡಿಯ ಗಂಟೆಗೆ ಹೆದರಿ ಜಾಗಟೆಗೆ ಬಿದ್ದಿರಿ. ಚಾಟ್ನಿಯೂ ಮರಾಠಿ. ಸೇಬು ಪಾರ್ಸಿ. ಅಚ್ಚಗನ್ನಡದಲ್ಲೇ ಬರೆಯುವುದಾದರೆ ಫಲಕದಲ್ಲಿ ‘ಮರ’ ಮತ್ತು ‘ಬೇಕು’ ಎರಡೇ ಉಳಿಯುತ್ತವೆ.

– ನಾ. ಭ.

*

ನಾ. ಭ. ಅವರೇ, ಹಾಗಿದ್ದರೆ ಚಳಿಗಂಟೆಗೆ ನಿಮ್ಮ ತಕರಾರು ಇರಬಾರದು. ಗಂಟೆ ತದ್ಭವ, ಚಳಿ ದೇಶ್ಯ, ಅರಿಸಮಾಸದ ಪ್ರಶ್ನೆಯೇ ಇಲ್ಲ. ಇನ್ನು ಅರಿಸಮಾಸವೇ ಆದರೂ ಏನಂತೆ? ‘ಮಂಗಳಾರತಿ’ಯನ್ನು ನಾವೆಲ್ಲ ಒಪ್ಪಿದ್ದೇವೆ. ಈ ಚರ್ಚೆಯಲ್ಲಂತೂ ಬೆಳಗಿನಿಂದ ಎತ್ತುತ್ತಲೇ ಇದ್ದೀರಿ.

ಹಿಮಾಚಲದ ಬೆಳೆಗಾರರ ಬಾಯಲ್ಲಿ, ಹಿಂದಿ ಪತ್ರಿಕೆಯಲ್ಲಿ ಅದು ‘ಚಿಲ್ಲಿಂಗ್ ಅವರ್ಸ್’ ಎಂದೇ ಇದೆ. ಸಸಿ ಮಾರುವವನ ಚೀಟಿಯಲ್ಲೂ ಅದೇ. ರೈತ ನಾಳೆ ನರ್ಸರಿಗೆ ಹೋಗಿ ಕೇಳಬೇಕಾದ ಪದವನ್ನು ಬಚ್ಚಿಟ್ಟು ನಾವು ಸಾಧಿಸುವುದೇನು? ಕನ್ನಡ ಪದ ದಪ್ಪಕ್ಷರದಲ್ಲಿರಲಿ, ಕೆಳಗೆ ಸಣ್ಣದಾಗಿ ಇದೂ ಇರಲಿ.

– ಸು., ಶಿರಸಿ

*

ಸಣ್ಣದಾಗಿ ಒಳಗೆ ಬಿಟ್ಟ ಇಂಗ್ಲಿಷ್ ಸಣ್ಣದಾಗಿ ಉಳಿದದ್ದನ್ನು ನಾನು ನೋಡಿಲ್ಲ. ನನ್ನ ಮಾತು ಮುಗಿಯಿತು.

– ಗೌ.

*

ಎಲ್ಲರಿಗೂ ಋಣಿ. ಮಧ್ಯಾಹ್ನವೇ ಕಳಿಸಿಬಿಟ್ಟೆ:

“ರಾಯಲ್ ಡೆಲಿಶಿಯಸ್ ಮರ ಒಂದು ಚಳಿಗಾಲದಲ್ಲಿ ಸುಮಾರು 1,000ದಿಂದ 1,200 ಗಂಟೆ ಚಳಿ ಉಣ್ಣಬೇಕು. ಈ ಲೆಕ್ಕಕ್ಕೆ ಚಳಿಗಂಟೆ ಎನ್ನುತ್ತಾರೆ.” ಕೆಳಗೆ ಸಣ್ಣಕ್ಷರದಲ್ಲಿ: ಸಸಿ ಕೊಳ್ಳುವಾಗ ‘ಚಿಲ್ಲಿಂಗ್ ಅವರ್ಸ್’ ಎಷ್ಟು ಎಂದು ಕೇಳಿ.

‘ಎನ್ನುತ್ತಾರೆ’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಇವತ್ತಿನವರೆಗೆ ಯಾರೂ ಅಂದಿರಲಿಲ್ಲ. ಡಿಟಿಪಿ ಹುಡುಗ ಫೋನ್ ಮಾಡಿ, “ಮೇಡಂ, ಚಳಿ ಉಣ್ಣೋದಾ, ಚಳಿಗೆ ಉಣ್ಣೋದಾ?” ಎಂದು ಕೇಳಿದ. ವಿವರಿಸಿದೆ. ಅವನ ತಾತನೂ ಹುಣಸೂರಲ್ಲಿ ಹೊಗೆಸೊಪ್ಪಿನ ಬಗ್ಗೆ “ಇಬ್ಬನಿ ಕುಡಿಯಲಿ” ಅನ್ನುತ್ತಿದ್ದನಂತೆ.

– ವಿ.

*

ಹೊಗೆಸೊಪ್ಪಿನ ‘ಹೊಗೆ’ಯ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ. ‘ಕುಡಿ’ ಧಾತುವಿನ ಬಗ್ಗೆಯೂ ಗೌ. ಅವರು ಏನೋ ಹೇಳುವ ಮೊದಲು ಒಂದೆರಡು ಮಾತಿದೆ.

– ನಾ. ಭ.