ಅಮ್ಮನ ಕೀಲುನೋವಿಗೆ ಇಮ್ಯುನಿಟಿ ಕಡಿಮೆ ಮಾಡುವ ಮಾತ್ರೆ ಬರೆದಿದ್ದಾರೆ, ಕೊಡಬಹುದಾ?

ಸೊಪ್ಪಿನ ತೋಟ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಅಮ್ಮನಿಗೆ ಐವತ್ತು ದಾಟಿದೆ. ಹೋದ ದೀಪಾವಳಿ ಕಳೆದ ಮೇಲೆ ಬೆರಳು ನೋವು ಶುರುವಾಯಿತು. ಗೂಡು ಬಿಡಿಸಿ ಬಿಡಿಸಿ ಹೀಗಾಗಿದೆ ಅಂತ ಊರಲ್ಲಿ ಎಲ್ಲರೂ ಅಂದರು. ಆದರೆ ಎರಡು ಬೆಳೆಯ ಮಧ್ಯೆ ಕೈಗೆ ಬಿಡುವು ಸಿಕ್ಕಾಗಲೂ ಕಡಿಮೆ ಆಗಲಿಲ್ಲ.

ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆ) ಬಿಡುವುದು ಅಂದರೆ ಬೆರಳ ತುದಿಯ ಕೆಲಸ. ಸ್ವಲ್ಪ ಜೋರಾಗಿ ಹಿಡಿದರೂ ಹುಳು ಹಾಳು. ನಮ್ಮಮ್ಮ ಮಾತಾಡುತ್ತಾ ಆ ಕಡೆ ನೋಡದೇ ಆರಿಸುತ್ತಿದ್ದರು. ಈಗ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಿಕ್ಕೇ ಆಗುವುದಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂರುತ್ತಾರೆ. ಒಂಬತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತದೆ. ಎರಡೂ ಕೈಯ ಬೆರಳ ಬುಡದ ಗೆಣ್ಣುಗಳು ಊದಿವೆ. ಮೊನ್ನೆ ಬಳೆಗಾರ್ತಿ ಬಂದಾಗ ಬಳೆ ಏರಲೇ ಇಲ್ಲ.

ಚಿಕ್ಕಬಳ್ಳಾಪುರದಲ್ಲಿ ತೋರಿಸಿದೆವು. ಇಎಸ್‌ಆರ್ 68 (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ನೋಡುವ ಪರೀಕ್ಷೆ), ಆರ್‌ಎ ಫ್ಯಾಕ್ಟರ್ ಪಾಸಿಟಿವ್, ಆಂಟಿ ಸಿಸಿಪಿ ಜಾಸ್ತಿ (ಇವೆರಡೂ ಈ ಕೀಲುರೋಗಕ್ಕೆ ನೋಡುವ ರಕ್ತಪರೀಕ್ಷೆ), ಹಿಮೋಗ್ಲೋಬಿನ್ 9.4. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. "ನಿಮ್ಮ ರೋಗನಿರೋಧಕ ಶಕ್ತಿಯೇ ನಿಮ್ಮ ಕೀಲಿನ ಮೇಲೆ ಬಿದ್ದಿದೆ, ಅದನ್ನ ತಗ್ಗಿಸಬೇಕು" ಅಂತ ಡಾಕ್ಟ್ರು ಹೇಳಿ ಮೆಥೊಟ್ರೆಕ್ಸೇಟ್, ಫೋಲಿಕ್ ಆಸಿಡ್, ಹೈಡ್ರಾಕ್ಸಿಕ್ಲೋರೋಕ್ವಿನ್, ಜೊತೆಗೆ ಕೆಲವು ವಾರಕ್ಕೆ ಸಣ್ಣ ಡೋಸ್ ಸ್ಟೀರಾಯ್ಡ್ ಬರೆದರು.

ಈಗ ಮನೆಯಲ್ಲಿ ರಂಪ. ಸೋದರಮಾವ, "ಕೊರೊನಾದಲ್ಲಿ ಇಮ್ಯುನಿಟಿ ಜಾಸ್ತಿ ಮಾಡ್ಕೊಳ್ಳಿ ಅಂದ್ರು, ಇವರು ಕಡಿಮೆ ಮಾಡ್ತಾರಂತೆ" ಅಂತ ಕೂಗಾಡಿದರು. ಪಕ್ಕದ ಮನೆ ಹುಡುಗ ಮೊಬೈಲಲ್ಲಿ ನೋಡಿ ಅದು ಕ್ಯಾನ್ಸರ್ ಮಾತ್ರೆ ಅಂದ. ಅಮ್ಮ ಮಾತ್ರೆ ಕವರನ್ನು ಹಾಗೇ ಗೋಡೆಯ ಗೂಡಿನಲ್ಲಿಟ್ಟು, ಮಾವ ತಂದ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದಾರೆ. ಇಮ್ಯುನಿಟಿ ಜಾಸ್ತಿ ಆದರೂ ಕಾಯಿಲೆನಾ? ಇನ್ನೊಂದು: ದಿನಾ ರಾಗಿ ಮುದ್ದೆ, ಸೊಪ್ಪು ತಿನ್ನುವವರಿಗೆ ರಕ್ತ ಯಾಕೆ ಕಡಿಮೆ? ಗೊತ್ತಿದ್ದವರು ಹೇಳಿ.

ಬೋರ್‌ವೆಲ್ ಬಾಬು, ಬಾಗೇಪಲ್ಲಿ

ಕುಡಿಯುವ ನೀರು ಯಾವುದು ಸರ್? ನಮ್ಮ ಕಡೆ ಕೀಲುನೋವು ಅಂದರೆ ಮೊದಲು ನೆನಪಾಗುವುದು ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು, ನಮ್ಮಲ್ಲಿ ಎಷ್ಟೋ ಬೋರ್‌ಗಳು ದಾಟಿವೆ. ಪಾವಗಡದವರದ್ದೂ ಇದೇ ಕಥೆ. ಇಲ್ಲಾಂದ್ರೆ ಚಿಕುನ್‌ಗುನ್ಯಾ ಬಂದಿತ್ತಾ ಕೇಳಿ. 2006ರಲ್ಲಿ ಬಂದವರು ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದಿದ್ದಾರೆ.

ಮಾತ್ರೆ ಅಂಗಡಿ, ಚಿಂತಾಮಣಿ

ಬಾಬು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಫ್ಲೋರೈಡ್ ಬೆನ್ನು, ಕುತ್ತಿಗೆ, ಸೊಂಟ ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ದಪ್ಪಗೆ ಬೆಳ್ಳಗೆ ಕಾಣುತ್ತದೆ. ಬೆರಳ ಬುಡ ಹೀಗೆ ಊದುವುದಿಲ್ಲ, ಆಂಟಿ ಸಿಸಿಪಿ ಏರುವುದಿಲ್ಲ. ಚಿಕುನ್‌ಗುನ್ಯಾ ಆದ ಮೇಲಿನ ಊತ ನೋಡಲು ಇದೇ ಥರ ಇರಬಹುದು, ಆದರೆ ಅದರಲ್ಲೂ ಆಂಟಿ ಸಿಸಿಪಿ ಸಾಮಾನ್ಯವಾಗಿ ನೆಗೆಟಿವ್. ಆರ್‌ಎ ಫ್ಯಾಕ್ಟರ್ ಒಂದನ್ನೇ ನಂಬಬೇಡಿ, ವಯಸ್ಸಾದ ಎಷ್ಟೋ ಗಟ್ಟಿಮುಟ್ಟು ಜನರಲ್ಲೂ ಪಾಸಿಟಿವ್ ಬರುತ್ತದೆ. ನಿಮ್ಮ ತಾಯಿಯವರ ಬೆಳಗಿನ ಬಿಗಿತ, ಎರಡೂ ಕೈ, ಆಂಟಿ ಸಿಸಿಪಿ, ಮೂರೂ ಒಂದೇ ಕಡೆ ಬೊಟ್ಟು ಮಾಡುತ್ತಿವೆ.

ನಾನು ಡಾಕ್ಟ್ರಲ್ಲ. ಕೌಂಟರ್ ಹಿಂದೆ ನಿಂತು ತಲೆ ಬೆಳ್ಳಗಾದವನು. ಈ ಮಾತ್ರೆ ವಿಚಾರದಲ್ಲಿ ನನಗೆ ಹೇಳಲೇಬೇಕಾದ್ದು ಇದೆ.

ಕ್ಯಾನ್ಸರ್ ಮಾತ್ರೆ ಅನ್ನುವುದು ಸುಳ್ಳಲ್ಲ. 1948ರಲ್ಲಿ ಅಮೆರಿಕದ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು ಗುಣ ಕಂಡದ್ದನ್ನು ಪ್ರಕಟಿಸಿದರು. ಅದನ್ನು ತಯಾರಿಸಿದ್ದು ಲೆಡರ್ಲೆ ಕಂಪನಿಯ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು. ಮೆಥೊಟ್ರೆಕ್ಸೇಟ್ ಅದರ ತಮ್ಮ, ಅದೂ ಅಲ್ಲಿಂದಲೇ ಬಂತು. ಅರ್ಧ ಚಿಂತಾಮಣಿ ತೆಲುಗು ಮಾತಾಡುತ್ತದೆ, ಆದರೂ ಆ ಮಹಾನುಭಾವನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ ಅದೇ ಔಷಧಿ ಸಣ್ಣ ಪ್ರಮಾಣದಲ್ಲಿ ಕೀಲು ಊತಕ್ಕೂ ಕೆಲಸ ಮಾಡುತ್ತದೆ ಅಂತ ಕಂಡುಕೊಂಡರು. 1988ರಲ್ಲಿ ಅಮೆರಿಕದಲ್ಲಿ ರುಮಟಾಯ್ಡ್‌ಗೆ ಒಪ್ಪಿಗೆ ಸಿಕ್ಕಿತು. ಈಗ ಲೋಕದಲ್ಲಿ ಎಲ್ಲಿ ಹೋದರೂ ಈ ಕಾಯಿಲೆಗೆ ಮೊದಲು ಬರೆಯುವುದು ಇದನ್ನೇ. ಕ್ಯಾನ್ಸರಿಗೆ ಕೊಡುವ ಡೋಸ್ ಬೇರೆ, ಕೆಲವು ಸಲ ಗ್ರಾಂ ಲೆಕ್ಕಕ್ಕೆ ಹೋಗುತ್ತದೆ. ಇಲ್ಲಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಅಷ್ಟೇ.

ವಾರಕ್ಕೆ ಅಂದೆ, ಗಮನಿಸಿ. ದಿನಕ್ಕೆ ಅಲ್ಲ. ಜೀವ ಹೋಗುವುದು ಇಲ್ಲೇ. ಪಕ್ಕದ ತಾಲ್ಲೂಕಿನ ಒಬ್ಬ ಅಜ್ಜಿಗೆ ಯಾರೋ ಓದಿ ಹೇಳುವಾಗ ತಪ್ಪಿ, ದಿನಾ ಒಂದೊಂದು ನುಂಗಿದ್ದರು. ನನ್ನ ಅಂಗಡಿಗೆ ಬಂದದ್ದು ಬಾಯಿಹುಣ್ಣಿಗೆ ಮುಲಾಮು ಕೇಳಿಕೊಂಡು. ಬಾಯಿ ತೆರೆಸಿ ನೋಡಿದರೆ ನಾಲಿಗೆ, ಕೆನ್ನೆಯ ಒಳಗೆಲ್ಲ ಬೆಂದ ಹಾಗೆ ಕೆಂಪಾಗಿತ್ತು. ಏನೇನು ಮಾತ್ರೆ ತಗೋತೀರಾ ಅಂತ ಕೇಳಿದಾಗ ಸೆರಗಿನ ಗಂಟಿನಿಂದ ಸ್ಟ್ರಿಪ್ ತೆಗೆದರು. ಮುಲಾಮು ಕೊಡಲಿಲ್ಲ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಬಿಳಿ ರಕ್ತಕಣ ಪಾತಾಳಕ್ಕಿಳಿದಿತ್ತಂತೆ. ಬದುಕಿಕೊಂಡರು.

ಹಾಗಾಗಿ ನಿಮ್ಮೂರ ಸಂತೆ ಯಾವತ್ತೋ ಆ ವಾರವನ್ನೇ ಮಾತ್ರೆ ದಿನ ಮಾಡಿಕೊಳ್ಳಿ. ಸ್ಟ್ರಿಪ್ ಮೇಲೆ ದಪ್ಪ ಪೆನ್ನಲ್ಲಿ ವಾರದ ಹೆಸರು ಬರೆಯಿರಿ. ಎಷ್ಟೋ ಕಂಪನಿಗಳಲ್ಲಿ ಮೆಥೊಟ್ರೆಕ್ಸೇಟೂ ಹಳದಿ, ಫೋಲಿಕ್ ಆಸಿಡ್ಡೂ ಹಳದಿ. ಎರಡನ್ನೂ ಒಂದೇ ಡಬ್ಬಿಗೆ ಸುರಿಯಬೇಡಿ. ಫೋಲಿಕ್ ಆಸಿಡ್ ಯಾವ ದಿನ ಅಂತ ಡಾಕ್ಟ್ರು ಬರೆದಿರುತ್ತಾರೆ, ಅದನ್ನ ಬಿಡಬೇಡಿ. ಬಾಯಿಹುಣ್ಣು, ವಾಕರಿಕೆ ತಡೆಯುವುದು ಅದೇ. ಶುರುವಿನಲ್ಲಿ ಕೆಲವು ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಮಾಡಿಸಿ. ಗುಣ ಕಾಣಲು ಒಂದೂವರೆ ತಿಂಗಳಿಂದ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನೋವು ತಡೆಯಲು ಸ್ಟೀರಾಯ್ಡ್ ಕೊಟ್ಟಿದ್ದಾರೆ.

ಸ್ಟೀರಾಯ್ಡ್ ತಗೊಂಡ ಮೂರನೇ ದಿನಕ್ಕೆ ನಿಮ್ಮ ತಾಯಿ ಓಡಾಡುತ್ತಾರೆ. ಆಗ "ಇದೊಂದೇ ಸಾಕು" ಅನಿಸುತ್ತದೆ. 1948ರಲ್ಲಿ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಮೊದಲ ರೋಗಿಗೆ ಕಾರ್ಟಿಸೋನ್ ಚುಚ್ಚಿದಾಗಲೂ ಹೀಗೇ ಆಯಿತು. ಹಾಸಿಗೆ ಹಿಡಿದಿದ್ದ ಹೆಂಗಸು ಕೆಲವೇ ದಿನದಲ್ಲಿ ಎದ್ದು ನಡೆದರು. 1950ರಲ್ಲಿ ನೊಬೆಲ್ ಕೂಡ ಬಂತು. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು ಗೊತ್ತಾಗಿದ್ದು ಆಮೇಲೆ. ಆ ಸಣ್ಣ ಬಿಳಿ ಮಾತ್ರೆಯನ್ನು ಚೀಟಿ ಇಲ್ಲದೆ ಕೇಳಿಕೊಂಡು ಬರುವವರು ನನ್ನ ಅಂಗಡಿಗೆ ಇವತ್ತಿಗೂ ಬರುತ್ತಾರೆ. ಕೊಡುವುದಿಲ್ಲ ಅಂದರೆ ಬೈದು ಮುಂದಿನ ಅಂಗಡಿಗೆ ಹೋಗುತ್ತಾರೆ. ಡಾಕ್ಟ್ರು ಹೇಳಿದಷ್ಟು ದಿನ ತಗೊಳ್ಳಿ, ಹೇಳಿದ ಹಾಗೆ ಇಳಿಸಿ, ನೀವಾಗೇ ತಟ್ಟನೆ ನಿಲ್ಲಿಸಬೇಡಿ.

ಹಸಿರೌಷಧ, ಗೌರಿಬಿದನೂರು

ಇಂಗ್ಲಿಷ್ ಮಾತ್ರೆ ಮಾರುವವರು ಇನ್ನೇನು ಹೇಳುತ್ತಾರೆ? ಅಮೃತಬಳ್ಳಿ ನಮ್ಮ ಹಿತ್ತಲ ಗಿಡ. ನಮ್ಮಜ್ಜಿ ಕಾಲದಿಂದ ಕುಡಿದಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಶಕ್ತಿ ಜಾಸ್ತಿ ಮಾಡಿಕೊಂಡರೆ ಕಾಯಿಲೆ ತಾನಾಗೇ ಓಡುತ್ತದೆ.

ಬಯಾಲಜಿ ಮೇಷ್ಟ್ರು, ಕೋಲಾರ

ಗೌರಿಬಿದನೂರಿನವರೇ, ಅಜ್ಜಿ ಕಾಲದಲ್ಲಿ ಜ್ವರಕ್ಕೆ ಎರಡು ದಿನ ಕುಡಿಯುತ್ತಿದ್ದರು. ತಿಂಗಳುಗಟ್ಟಲೆ ಅಲ್ಲ. 2021ರಲ್ಲಿ ಮುಂಬೈ ಡಾಕ್ಟರುಗಳು ಅಮೃತಬಳ್ಳಿ ಕುಡಿದ ಕೆಲವರಲ್ಲಿ ಲಿವರ್ ಊತ ಕಂಡು ವರದಿ ಮಾಡಿದರು. ಅವರಲ್ಲಿ ಕೆಲವರಿಗೆ ಮೊದಲೇ ಇಂಥ ಸ್ವಂತ ದೇಹದ ಮೇಲೆ ಬೀಳುವ ತೊಂದರೆಗಳಿದ್ದವು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೂ ನಿಜ. ಆದರೆ ಮೆಥೊಟ್ರೆಕ್ಸೇಟ್ ಕೂಡ ಲಿವರ್ ಮೇಲೆ ಕಣ್ಣಿಟ್ಟು ಕೊಡಬೇಕಾದ ಔಷಧಿ. ಎರಡನ್ನೂ ಸೇರಿಸುವುದು ಯಾಕೆ? ಕಷಾಯದ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ.

ಶಿಡ್ಲಘಟ್ಟದವರ ಪ್ರಶ್ನೆಗೆ ಬರುತ್ತೇನೆ. ಇಮ್ಯುನಿಟಿ ಅನ್ನುವುದು ಹಿಮೋಗ್ಲೋಬಿನ್ ಥರ ಒಂದು ಸಂಖ್ಯೆ ಅಲ್ಲ, ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನಲಿಕ್ಕೆ. ಕೆಲವು ಕೋಶ ಕೊಲ್ಲುತ್ತವೆ, ಕೆಲವು ಆಂಟಿಬಾಡಿ ಮಾಡುತ್ತವೆ, ಇನ್ನು ಕೆಲವು ಇವರನ್ನೆಲ್ಲ ಸಾಕು ನಿಲ್ಲಿಸಿ ಅನ್ನುತ್ತವೆ. ಈ ಕೊನೆಯವಕ್ಕೆ ರೆಗ್ಯುಲೇಟರಿ ಟಿ ಕೋಶ ಅನ್ನುತ್ತಾರೆ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿಕೊಟ್ಟದ್ದು. ಅವರಿಗೂ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಅವರಿಗೂ 2025ರ ನೊಬೆಲ್ ಬಂದದ್ದು ಇದಕ್ಕೇ.

ಈ ಹಿಡಿತ ತಪ್ಪಿದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ರುಮಟಾಯ್ಡ್‌ನಲ್ಲಿ ಮೇಯುವುದು ಕೀಲಿನ ಒಳಪೊರೆಯನ್ನು. ಆ ಪೊರೆ ದಪ್ಪ ಆಗುತ್ತದೆ, ಅಲ್ಲಿ ಸೇರಿದ ಕೋಶಗಳು ಟಿಎನ್‌ಎಫ್, ಐಎಲ್-6 ಅನ್ನುವ ವಸ್ತುಗಳನ್ನು ಬಿಡುತ್ತವೆ. ಅವು ಮೂಳೆ ತಿನ್ನುವ ಕೋಶಗಳನ್ನು ಎಬ್ಬಿಸುತ್ತವೆ. ಚಿಕಿತ್ಸೆ ತಡ ಮಾಡಿದರೆ ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಕಚ್ಚಿದ ಹಾಗೆ ಕಾಣುವುದು ಅದರಿಂದಲೇ. ಸವೆದದ್ದು ವಾಪಸ್ ಬರುವುದಿಲ್ಲ.

ರಕ್ತ ಯಾಕೆ ಕಡಿಮೆ ಅಂದಿರಲ್ಲ, ಅದಕ್ಕೂ ಇದೇ ಐಎಲ್-6 ಕಾರಣ ಇರಬಹುದು. ಅದು ಲಿವರಿಗೆ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಜಾಸ್ತಿ ಮಾಡು ಅಂತ ಹೇಳುತ್ತದೆ. ಹೆಪ್ಸಿಡಿನ್ ಏರಿದರೆ ಕರುಳು ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ, ದೇಹದಲ್ಲಿರುವ ಕಬ್ಬಿಣವೂ ಹೊರಗೆ ಬರುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಕಬ್ಬಿಣ ಸಿಗಬಾರದು ಅಂತ ದೇಹ ಮಾಡುವ ಉಪಾಯ ಇದು. ಇಲ್ಲಿ ಬ್ಯಾಕ್ಟೀರಿಯಾವೇ ಇಲ್ಲ, ಆದರೂ ಬಾಗಿಲು ಮುಚ್ಚಿದೆ. ಎಷ್ಟು ಸೊಪ್ಪು ತಿಂದರೂ ಅಷ್ಟೆ. ಊತ ಇಳಿದರೆ ರಕ್ತವೂ ಏರುತ್ತದೆ. ಹಾಗಂತ ಬೇರೆ ಕಾರಣ ಇಲ್ಲ ಅಂದುಕೊಳ್ಳಬೇಡಿ, ದೇಹದಲ್ಲಿ ಕಬ್ಬಿಣದ ದಾಸ್ತಾನು ನೋಡುವ ಫೆರಿಟಿನ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.

ನಿಮ್ಮ ಮಾವನವರಿಗೆ ಒಂದು ಮಾತು ಹೇಳಿ. ಕೊರೊನಾದಲ್ಲಿ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು ಇಳಿಸಿದ್ದು ಡೆಕ್ಸಾಮೆಥಾಸೋನ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಅದು ಇಮ್ಯುನಿಟಿ ತಗ್ಗಿಸುವ ಔಷಧಿ! ಶ್ವಾಸಕೋಶ ಹಾಳಾಗುತ್ತಿದ್ದದ್ದು ವೈರಸ್ಸಿಗಿಂತ ಜಾಸ್ತಿ ನಮ್ಮದೇ ಉರಿಯೂತದಿಂದ.

ಮುದ್ದೆ ಕೋಲು, ತುಮಕೂರು

ನನಗೆ ಮೂವತ್ತರ ವಯಸ್ಸಿನಲ್ಲೇ ಇದು ಬಂತು. ಮೇಷ್ಟ್ರು ಹೇಳಿದ್ದೆಲ್ಲ ಸರಿ, ನಾನು ಅಡುಗೆಮನೆ ವಿಷಯ ಹೇಳುತ್ತೇನೆ. ಮುದ್ದೆ ತಿರುವುವುದನ್ನು ಮಗನಿಗೆ ಕೊಟ್ಟಿದ್ದೇನೆ. ಪಾತ್ರೆಯನ್ನು ಬೆರಳಲ್ಲಿ ಎತ್ತುವುದಿಲ್ಲ, ಎರಡು ಅಂಗೈ ಕೊಟ್ಟು ಎತ್ತುತ್ತೇನೆ. ಬಟ್ಟೆ ಹಿಂಡುವುದು ಬಿಟ್ಟೆ, ನಲ್ಲಿಗೆ ಸುತ್ತಿ ತಿರುಚುತ್ತೇನೆ. ನಿಮ್ಮಮ್ಮನಿಗೆ ಊತ ಇಳಿಯುವವರೆಗೆ ಗೂಡು ಬಿಡಿಸುವ ಕೆಲಸ ಬೇಡ ಅನ್ನಿ. ಆದರೆ ಸುಮ್ನೆ ಕೂರಿಸಲೂ ಬೇಡಿ, ಬೆರಳು ಮಡಚಿ ಬಿಚ್ಚುವ ವ್ಯಾಯಾಮ ಬಿಸಿನೀರಲ್ಲೇ ಮಾಡಲಿ.

ಹೊಗೆಸೊಪ್ಪು ಹಾಕುತ್ತಾರಾ? ಬೀಡಿ ಸಿಗರೇಟು ಈ ಕಾಯಿಲೆಯನ್ನು ಹೆಚ್ಚಿಸುತ್ತದೆ, ವಸಡಿನ ಕಾಯಿಲೆಗೂ ಇದಕ್ಕೂ ನಂಟಿದೆ. ಹಾಗಾಗಿ ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸಿ. ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ತಗೊಂಡರೆ ಕಣ್ಣಿನ ಪರೀಕ್ಷೆ ಬೇಕು. ಮೆಥೊಟ್ರೆಕ್ಸೇಟ್ ತಗೊಂಡ ಮಾರನೇ ದಿನ ನನಗೆ ಮೈಯೆಲ್ಲ ಭಾರ. ರಾತ್ರಿ ಊಟ ಆದ ಮೇಲೆ ತಗೊಳ್ಳಲು ಶುರು ಮಾಡಿದೆ, ಅರ್ಧ ಭಾರ ನಿದ್ದೆಯಲ್ಲೇ ಕಳೆಯುತ್ತದೆ. ಓದುವವರಲ್ಲಿ ಮಗು ಬೇಕು ಅನ್ನುವವರು ಇದ್ದರೆ, ಈ ಮಾತ್ರೆ ಬಸಿರಿನಲ್ಲಿ ತಗೊಳ್ಳಲೇಬಾರದು. ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ಸೊಪ್ಪಿನ ತೋಟ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಬರೆದದ್ದನ್ನ ಮಾವನಿಗೆ ಓದಿ ಹೇಳಿದೆ. ಡೆಕ್ಸಾಮೆಥಾಸೋನ್ ವಿಷಯಕ್ಕೆ ಸುಮ್ಮನಾದರು, ಆದರೆ ಒಪ್ಪಿದೆ ಅಂತ ಅವರ ಬಾಯಿಂದ ಬರುವುದಿಲ್ಲ ಬಿಡಿ. ಅಕ್ಕಾ, ಅಮ್ಮನಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇದೆ, ನಮ್ಮ ಮನೆಯಲ್ಲಿ ಅದೇ ದೊಡ್ಡ ಜಗಳ ಆಗುತ್ತದೆ. ಮಾತ್ರೆ ಶುರು ಮಾಡಲು ಅಮ್ಮ ಒಪ್ಪಿದ್ದಾರೆ. ಇನ್ನೊಂದೇ ಪ್ರಶ್ನೆ. ಮಾತ್ರೆ ದಿನವೇ ಜ್ವರ ಬಂದಿದ್ದರೆ ಏನು ಮಾಡಬೇಕು? ಫ್ಲೂ ಇಂಜೆಕ್ಷನ್ ಹಾಕಿಸಬಹುದಾ?

ಮಾತ್ರೆ ಅಂಗಡಿ, ಚಿಂತಾಮಣಿ

ಜ್ವರ, ಕೆಮ್ಮು, ಕೀವು, ಉರಿಮೂತ್ರ ಯಾವುದಿದ್ದರೂ ಆ ವಾರದ ಮೆಥೊಟ್ರೆಕ್ಸೇಟ್ ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಸೋಂಕು ಇಳಿಯುವವರೆಗೆ ತಡೆಯಲು ಹೇಳುತ್ತಾರೆ. ಒಂದು ವಾರ ತಪ್ಪಿದರೆ ಏನೂ ಮುಳುಗುವುದಿಲ್ಲ, ಮುಂದಿನ ವಾರ ಎರಡು ಪಟ್ಟು ನುಂಗಬೇಡಿ. ಸ್ಟೀರಾಯ್ಡನ್ನು ಮಾತ್ರ ನೀವಾಗೇ ಬಿಡಬಾರದು. ಒಣಕೆಮ್ಮು, ಉಬ್ಬಸ ಹೊಸದಾಗಿ ಬಂದರೆ ಕಾಯದೆ ಹೋಗಿ. ಹುಳುಮನೆಯ ಧೂಳು ಇರಬೇಕು ಅಂತ ಬಿಟ್ಟುಬಿಡಬೇಡಿ, ಈ ಮಾತ್ರೆ ಅಪರೂಪಕ್ಕೆ ಶ್ವಾಸಕೋಶವನ್ನೂ ಕೆಣಕುತ್ತದೆ.

ಫ್ಲೂ ಇಂಜೆಕ್ಷನ್, ನ್ಯುಮೋನಿಯಾ ಇಂಜೆಕ್ಷನ್ ಹಾಕಿಸಬಹುದು, ಹಾಕಿಸುವುದೇ ಒಳ್ಳೆಯದು. ಜೀವಂತ ವೈರಸ್ ಇರುವ ಲಸಿಕೆ ಮಾತ್ರ ಕೇಳದೆ ಬೇಡ. ಮುಂದೆಂದಾದರೂ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಬರೆದರೆ ಮೊದಲು ಟಿಬಿ ಪರೀಕ್ಷೆ ಆಗಿದೆಯಾ ನೋಡಿಕೊಳ್ಳಿ, ಒಳಗೆ ಮಲಗಿರುವ ಟಿಬಿ ಅದರಿಂದ ಏಳಬಹುದು. ಮತ್ತೆ ನೋವಿಗೆ ಅಂತ ಡೈಕ್ಲೋಫೆನಾಕ್ ನೀವಾಗೇ ತಂದು ಕೊಡಬೇಡಿ, ಕಿಡ್ನಿ ರಿಪೋರ್ಟ್ ನೋಡಿ ಡಾಕ್ಟ್ರೇ ಬರೆಯಲಿ. ಮೊದಲ ಪರೀಕ್ಷೆ ಯಾವಾಗ ಅಂತ ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದೀರಾ? ಇಲ್ಲದಿದ್ದರೆ ಮಾತ್ರೆ ಶುರು ಮಾಡುವ ಮುಂಚೆಯೇ ಫೋನ್ ಮಾಡಿ ಕೇಳಿ.